ಚಳಿಗಾಲದಲ್ಲಿ ಕಾರಿನ ಮುಳ್ಳು ಮೇಲೇಳದಿದ್ದರೆ?

ಧನುರ್ಮಾಸ ಬಂತೆಂದರೆ ಮಲೆನಾಡಿನ ಊರುಗಳಲ್ಲಿ ಬೆಳಗಿನ ಹೊತ್ತು ಹೊದಿಕೆ ಬಿಟ್ಟೇಳುವುದೇ ಕಷ್ಟ. ಬೀದರದ ಕಡೆಯಂತೂ ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ನಮಗೆ ಬಿಸಿ ಕಾಫಿ ಬೇಕು, ಮಕ್ಕಳಿಗೆ ಸ್ವೆಟರ್ ಬೇಕು, ಹಿರಿಯರಿಗೆ ಸ್ನಾನಕ್ಕೆ ಹಂಡೆ ನೀರು ಬೇಕು. ಮನೆ ಮುಂದೆ ಇಬ್ಬನಿಯಲ್ಲಿ ನೆನೆದು ನಿಂತ ಕಾರಿಗೆ ಏನು ಬೇಕು ಅಂತ ಎಂದಾದರೂ ಯೋಚಿಸಿದ್ದೀರಾ?

“ಅದೆಲ್ಲ ಗಂಡಸರ ವಿಷಯ” ಅನ್ನಬೇಡಿ, ಸೋದರಿ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯವರನ್ನು ಡಾಕ್ಟರ ಬಳಿಗೆ ಕರೆದೊಯ್ಯುವುದು ಈಗ ಎಷ್ಟೋ ಮನೆಗಳಲ್ಲಿ ನಮ್ಮದೇ ಕೆಲಸ. ಕಾರು ಓಡಿಸದಿದ್ದವರಿಗೂ ಒಂದು ಮಾತು: ಪೆಟ್ರೋಲಿನ ಹಣ, ಗ್ಯಾರೇಜಿನ ಬಿಲ್ಲು ಎರಡೂ ಹೋಗುವುದು ಮನೆ ಖರ್ಚಿನ ಡಬ್ಬಿಯಿಂದಲೇ ಅಲ್ಲವೇ? ಕಾರು ಹೆಚ್ಚು ಬಿಸಿಯಾದರೆ ಎಲ್ಲರೂ ಗಾಬರಿಯಾಗುತ್ತೇವೆ. ಆದರೆ ಬಿಸಿಯೇ ಆಗದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೂ ಒಂದು ಕಾಯಿಲೆಯೇ, ಸದ್ದಿಲ್ಲದೆ ಹಣ ತಿನ್ನುವ ಕಾಯಿಲೆ.

ಎಂಜಿನ್ನಿಗೂ ಒಂದು ಹದವುಂಟು

ದೋಸೆ ಕಾವಲಿಯನ್ನೇ ನೋಡಿ. ಕಾಯದಿದ್ದರೆ ಹಿಟ್ಟು ಅಂಟುತ್ತದೆ, ವಿಪರೀತ ಕಾದರೆ ಸೀದುಹೋಗುತ್ತದೆ. ಎಂಜಿನ್ನಿನದೂ ಹಾಗೆಯೇ. ಅದರ ಸುತ್ತ ಹರಿಯುವ ನೀರು ಅಥವಾ ಕೂಲೆಂಟು ಸುಮಾರು 85ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಅದಕ್ಕೆ ಹದ.

ಈ ಹದ ಕಾಯುವುದು ಥರ್ಮೋಸ್ಟಾಟ್ ಅನ್ನುವ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಬಾಗಿಲು. ಅದರೊಳಗೆ ಮೇಣವಿರುತ್ತದೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ. ಆಗ ಕೂಲೆಂಟು ಮುಂದಿನ ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ ಬೇಗ ಕಾಯುತ್ತದೆ. ಹೆಚ್ಚಿನ ಕಾರುಗಳಲ್ಲಿ 82ರಿಂದ 92 ಡಿಗ್ರಿಯ ನಡುವೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಆಮೇಲೆಯೇ ರೇಡಿಯೇಟರಿನ ಕೆಲಸ ಶುರು.

ಬಾಗಿಲು ತೆರೆದೇ ಸಿಕ್ಕಿಕೊಂಡರೆ? ಚಳಿಯಲ್ಲಿ ಕಿಟಕಿ ತೆಗೆದಿಟ್ಟು ಕೋಣೆ ಬೆಚ್ಚಗಾಗಲಿಲ್ಲ ಅಂದಂತೆ. ಗಾಳಿ ಬೀಸಿ ಬೀಸಿ ಎಂಜಿನ್ ಕಾಯುವುದೇ ಇಲ್ಲ.

ತಣ್ಣಗಿದ್ದರೆ ನಷ್ಟವೇನು?

ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಹಾಗಾಗಿ ಈಗಿನ ಕಾರುಗಳ ಕಂಪ್ಯೂಟರು “ಇನ್ನೂ ಚಳಿಯಿದೆ” ಅಂತ ಹೆಚ್ಚು ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿನ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲು ತೆಳ್ಳಗಾಗಿ ಒಳಭಾಗಗಳು ಬೇಗ ಸವೆಯುತ್ತವೆ. ಜೊತೆಗೆ ನೀರಿನ ಆವಿಯೂ ಒಳಗೇ ತಣಿದು ನಿಲ್ಲುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಅಡಿಯಲ್ಲಿ ಹಾಲಿನ ಕೆನೆಯಂಥ ಬಿಳಿ ಜಿಗುಟು ಕಾಣುವುದು ಬಹುಮಟ್ಟಿಗೆ ಇದರಿಂದಲೇ. ಆದರೆ ಜಿಗುಟಿನೊಂದಿಗೆ ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಉದಾಸೀನ ಬೇಡ. ಎಂಜಿನ್ನಿನ ಗ್ಯಾಸ್ಕೆಟ್ ಒಡೆದಿರಬಹುದು, ಕೂಡಲೇ ತೋರಿಸಿ.

ನೆಗಡಿಗೆ ಮೂಗು ಕೊಯ್ಯುವ ರಿಪೇರಿ

ಒಂದು ಬೇಸಿಗೆಯಲ್ಲಿ ಘಾಟಿ ಹತ್ತುವಾಗ ನಮ್ಮ ಕಾರು ಬಿಸಿಯಾಗಿ ನಿಂತಿತು. ರಿಪೇರಿಯವರು ಥರ್ಮೋಸ್ಟಾಟನ್ನೇ ಕಿತ್ತು ಕೈಗಿಟ್ಟು, “ನಮ್ಮ ಸೆಕೆಯ ದೇಶಕ್ಕೆ ಇದು ಬೇಡಮ್ಮ” ಅಂದರು. ಬೇಸಿಗೆ ಹೇಗೋ ಕಳೆಯಿತು. ಚಳಿಗಾಲದಲ್ಲಿ ನೋಡಿದರೆ ಎಷ್ಟು ದೂರ ಹೋದರೂ ಮುಳ್ಳು ತಳ ಬಿಟ್ಟೇಳದು. ಹೀಟರಿನಲ್ಲಿ ತಣ್ಣನೆ ಗಾಳಿ, ಪೆಟ್ರೋಲಿನ ಲೆಕ್ಕ ಬರೆದರೆ ಪ್ರತಿ ತಿಂಗಳೂ ಹೆಚ್ಚು. ಬೇರೆ ಕಡೆ ತೋರಿಸಿದಾಗ ತಿಳಿಯಿತು, ಮೂಲ ದೋಷ ಇದ್ದದ್ದು ರೇಡಿಯೇಟರಿನ ಫ್ಯಾನಿನಲ್ಲಿ. ಫ್ಯಾನು ಸರಿಮಾಡಿಸಿ ಹೊಸ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಬೇಸಿಗೆಯಲ್ಲೂ ತೊಂದರೆಯಿಲ್ಲ, ಚಳಿಯಲ್ಲೂ ಇಲ್ಲ.

ಈ ಕಿತ್ತೆಸೆಯುವ ಪದ್ಧತಿ ನಮ್ಮ ಕಡೆ ತುಂಬ ಹಳೆಯದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ! ಯಾರಾದರೂ ಹಾಗೆ ಹೇಳಿದರೆ, “ಕಾರಣ ಹುಡುಕಿ, ಹೊಸದು ಹಾಕಿ” ಅಂತ ಧೈರ್ಯವಾಗಿ ಹೇಳಿ.

ನೀವೇ ಪರೀಕ್ಷಿಸಬಹುದು

ಕೆಲವು ಕಾರುಗಳಲ್ಲಿ ಉಷ್ಣತೆ ತೋರಿಸುವ ಮುಳ್ಳೋ ಗೆರೆಗಳೋ ಇರುತ್ತವೆ. ಇನ್ನು ಕೆಲವದರಲ್ಲಿ ಬರೀ ದೀಪ. ನೀಲಿಯಾದರೆ ಇನ್ನೂ ತಣ್ಣಗಿದೆ, ಕೆಂಪಾದರೆ ಅಪಾಯ. ಸಾಮಾನ್ಯವಾಗಿ ಐದು ಹತ್ತು ನಿಮಿಷದ ಓಡಾಟದಲ್ಲಿ ನೀಲಿ ದೀಪ ಆರಬೇಕು, ಮುಳ್ಳು ನಡುವಿನ ಹತ್ತಿರ ಬಂದು ನಿಲ್ಲಬೇಕು. ಅರ್ಧ ಗಂಟೆಯಾದರೂ ಏಳದಿದ್ದರೆ, ಅಥವಾ ಹೆದ್ದಾರಿಯಲ್ಲಿ ಇಳಿದು ಸಿಗ್ನಲಿನಲ್ಲಿ ನಿಂತಾಗ ಏರಿದರೆ, ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು.

ಹೀಟರನ್ನೂ ಗಮನಿಸಿ, ಅದು ಬಳಸುವುದು ಇದೇ ಕೂಲೆಂಟಿನ ಬಿಸಿಯನ್ನೇ. ಮುಳ್ಳೂ ಕೆಳಗೆ, ಹೀಟರೂ ಉಗುರುಬೆಚ್ಚಗೆ ಅಂದರೆ ಅನುಮಾನ ಥರ್ಮೋಸ್ಟಾಟಿನ ಮೇಲೆ. ಮುಳ್ಳು ಸರಿಯಿದ್ದೂ ಹೀಟರು ತಣ್ಣಗಿದ್ದರೆ ಕೂಲೆಂಟು ಕಡಿಮೆಯಾಗಿರಬಹುದು, ಕೊಳವೆಯಲ್ಲಿ ಗಾಳಿ ಸಿಕ್ಕಿರಲೂಬಹುದು.

ಬಿಚ್ಚಿದ ಥರ್ಮೋಸ್ಟಾಟನ್ನು ಮೆಕ್ಯಾನಿಕರು ನೀರಿನ ಪಾತ್ರೆಯಲ್ಲಿ ಕಾಯಿಸಿ ನೋಡುತ್ತಾರೆ. ಸರಿಯಿದ್ದರೆ ನೀರು ಕುದಿಯುವ ಮೊದಲೇ ಬಾಗಿಲು ತೆರೆಯುತ್ತದೆ, ತಣಿದ ಮೇಲೆ ಮುಚ್ಚುತ್ತದೆ. ಇದಕ್ಕೆ ಅಡುಗೆ ಪಾತ್ರೆ ಮಾತ್ರ ಕೊಡಬೇಡಿ, ಕೂಲೆಂಟು ವಿಷ.

ಎಷ್ಟು ಹೊತ್ತು ನಿಲ್ಲಿಸಿ ಕಾಯಿಸಬೇಕು?

ಹಿಂದೆ ಕಾರ್ಬ್ಯುರೇಟರ್ ಇದ್ದ ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಚೋಕ್ ಎಳೆದು ಒಂದೆರಡು ನಿಮಿಷ ಕಾಯುವುದು ಅಗತ್ಯವಿತ್ತು. ಈಗಿನ ಪೆಟ್ರೋಲ್ ಕಾರುಗಳಿಗೆ ಅರ್ಧ ನಿಮಿಷ ಸಾಕು. ನಿಂತಲ್ಲೇ ಗುರುಗುಟ್ಟಿಸಿದರೆ ಎಂಜಿನ್ ನಿಧಾನವಾಗಿ ಕಾಯುತ್ತದೆ, ಪೆಟ್ರೋಲು ಸುಮ್ಮನೆ ಖರ್ಚು. ಮೆಲ್ಲಗೆ ಹೊರಟರೆ ಬೇಗ ಕಾಯುತ್ತದೆ. ಆದರೆ ಮೊದಲ ಮೂರು ನಾಲ್ಕು ಕಿಲೋಮೀಟರು ಆಕ್ಸಿಲರೇಟರನ್ನು ಜೋರಾಗಿ ಒತ್ತಬೇಡಿ. ಕೂಲೆಂಟು ಕಾದರೂ ಎಂಜಿನ್ ಆಯಿಲು ಕಾಯಲು ಇನ್ನಷ್ಟು ಹೊತ್ತು ಬೇಕು. ಡೀಸೆಲ್ ಕಾರಾದರೆ ಕೀ ತಿರುಗಿಸಿದಾಗ ಬರುವ ಸುರುಳಿಯಾಕಾರದ ಹಳದಿ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ.

ಒಂದು ಮಾತನ್ನು ಮರೆಯಲೇಬೇಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗುವನ್ನು ಬೆಚ್ಚಗೆ ಕೂರಿಸಲು ಹೋಗಿ ಪ್ರಾಣಕ್ಕೇ ಸಂಚಕಾರ ಬಂದೀತು.

ನೀರೋ, ಕೂಲೆಂಟೋ?

“ನಮ್ಮಲ್ಲೇನು ಹಿಮ ಬೀಳುತ್ತದೆಯೇ, ನಲ್ಲಿ ನೀರು ಸಾಲದೇ?” ಅನ್ನುವವರಿದ್ದಾರೆ. ನಿಜ, ನಮ್ಮೂರುಗಳಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟುವುದಿಲ್ಲ. ಲಡಾಖಿನಂಥ ಕಡೆ ನೀರು ಮಂಜುಗಡ್ಡೆಯಾಗಿ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಎಂಜಿನ್ನನ್ನೇ ಸೀಳಬಲ್ಲದು. ಅರ್ಧ ನೀರು, ಅರ್ಧ ಎಥಿಲಿನ್ ಗ್ಲೈಕಾಲ್ ಕೂಲೆಂಟು ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೂ ಗಟ್ಟಿಯಾಗದು. ನಮಗೆ ಕೂಲೆಂಟು ಬೇಕಾದದ್ದು ಬೇರೆ ಕಾರಣಕ್ಕೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಂಡೆಯಲ್ಲಿ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಕಟ್ಟುತ್ತದೆ. ಬೆರೆಸಲು ಡಿಸ್ಟಿಲ್ಡ್ ವಾಟರನ್ನೇ ಬಳಸಿ.

ನೆನಪಿಡಿ

1. ಕೂಲೆಂಟಿನ ಮಟ್ಟವನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಪ್ಲಾಸ್ಟಿಕ್ ಡಬ್ಬಿಯ ಎರಡು ಗೆರೆಗಳ ನಡುವೆ ನೋಡಿ.

2. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒತ್ತಡ ಇಳಿಯದ ಪ್ರೆಶರ್ ಕುಕ್ಕರನ್ನು ತೆಗೆಯುತ್ತೀರಾ? ಇದೂ ಹಾಗೆಯೇ.

3. ಬಾನೆಟ್ ಎತ್ತಿದಾಗ ಸೆರಗು ಸಿಕ್ಕಿಸಿ, ಜಡೆ ಕಟ್ಟಿ. ಎಂಜಿನ್ ನಿಂತಿದ್ದರೂ ಫ್ಯಾನು ಒಮ್ಮೆಲೇ ತಿರುಗಬಹುದು.

4. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟರೆ ಚಳಿಗಾಲದಲ್ಲೂ ಕಾರು ಕುದಿಯುತ್ತದೆ. ಕೆಂಪು ದೀಪ ಬಂದರೆ ಕೂಡಲೇ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ.

5. ಕೂಲೆಂಟಿನ ರುಚಿ ಸಿಹಿ. ಮಕ್ಕಳು, ನಾಯಿ, ಬೆಕ್ಕುಗಳಿಗೆ ಸಿಗದಂತೆ ಇಡಿ. ನೆಲಕ್ಕೆ ಚೆಲ್ಲಿದ್ದನ್ನು ತೊಳೆಯಿರಿ.

6. ಶಾಲೆಗೊಮ್ಮೆ, ತರಕಾರಿಗೊಮ್ಮೆ, ಬ್ಯಾಂಕಿಗೊಮ್ಮೆ ಅಂತ ಒಂದೊಂದು ಕಿಲೋಮೀಟರಿಗೆ ಬೇರೆ ಬೇರೆ ಹೊರಡಬೇಡಿ. ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಜಿನ್ ಪೂರ್ತಿ ಕಾಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಹಾಲು ಉಕ್ಕುವ ಮುಂಚೆಯೇ ಸದ್ದಿನಿಂದ ಗುರುತಿಸುವವರು ನಾವು. ಆ ಪುಟ್ಟ ಮುಳ್ಳಿನ ಮೇಲೂ ಒಂದು ಕಣ್ಣಿಡುವುದು ನಮಗೇನು ಕಷ್ಟ? ನಾಳೆ ಬೆಳಿಗ್ಗೆಯೇ ನೋಡಿ.