ಜೋಳಿಗೆಗೆ ಹಾಕಿದ ಮೇಲೆ

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸುತ್ತಿ ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿಗೆ ವ್ಯಸನಮುಕ್ತ ದಿನವಾಗಿದೆ. ಆದರೆ ಜೋಳಿಗೆಗೆ ಹಾಕಿದ ಚಟ ಮರುವಾರವೇ ಬಾಗಿಲು ತಟ್ಟಿದರೆ ಗತಿಯೇನು?

ಕುಡಿತ ಬಿಟ್ಟವರ ಸಂಗವೇ ಅದಕ್ಕೆ ಆಸರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ವ್ಯಸನಿಗಳ ಭೇಟಿಯಿಂದ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ತಿರುಳೂ ಇದೇ. ಹೊಳಲ್ಕೆರೆಯಂಥ ಊರಿನಲ್ಲಿ ಇಂಥ ಸಂಗ ನಡೆಸಲು ಹಣಕ್ಕಿಂತ ನೇಮ ಮುಖ್ಯವೆಂದು ನಾವು ನಂಬಿದ್ದೇವೆ. ವಾರವಾರವೂ ಅದೇ ದಿನ, ಅದೇ ವೇಳೆ. ಬಂದವರು ಒಬ್ಬರೇ ಆದರೂ ಬಾಗಿಲು ತೆರೆದಿರಬೇಕು. ಕೂಲಿ ಕೈಸೇರುವ ಸಂತೆಯ ಸಂಜೆ ಮನಸ್ಸು ಜಾರುವುದರಿಂದ ಸಭೆಗೆ ಆ ಸಂಜೆಯೇ ಲೇಸು. ಅಲ್ಲಿ ಕೇಳಿದ ಮಾತು ಹೊರಹೋಗಕೂಡದು. ಬಾರದವರ ಮನೆಗೆ ಮರುದಿನವೇ ಒಬ್ಬರು ಹೋಗಬೇಕು, ಛೀಮಾರಿಗಲ್ಲ, ಕುಶಲ ಕೇಳಲು. ಮತ್ತೆ ಎಡವಿದವರನ್ನೂ ನಮ್ಮವರೆಂದೇ ಕರೆಯಬೇಕು.

ಒಂದು ಎಚ್ಚರಿಕೆ: ನಿತ್ಯವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಸನ್ನಿ ಕಾಣಿಸಿಕೊಂಡು ಪ್ರಾಣಾಪಾಯ ಒದಗಬಹುದು. ಆದ್ದರಿಂದ ಪ್ರತಿಜ್ಞೆಗೆ ಮೊದಲು ವೈದ್ಯರನ್ನು ಕಾಣಬೇಕು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತವಾಗಿದೆ.

ಚಟ ಗೆದ್ದ ಭಕ್ತರು ವಾರಕ್ಕೊಂದು ಸಂಜೆಯನ್ನು ಈ ಸಂಗಕ್ಕೆ ದಾಸೋಹವಾಗಿ ನೀಡಲಿ ಎಂಬುದು ನಮ್ಮ ಬಿನ್ನಹ.