ಬಿಕರಿಗೆ ನಿಂತ ಟ್ರ್ಯಾಕ್ಟರ್, ಮನೆಯಲ್ಲೇ ಎಳೆದ ತಂತಿ

ಕಂಪನಿಯಿಂದ ಹೊರಬಂದ ವಾಹನಕ್ಕೆ ಮಾಲೀಕ ತಾನೇ ಕುಳಿತು ಅಥವಾ ಊರಿನ ಎಲೆಕ್ಟ್ರಿಷಿಯನ್‌ನನ್ನು ಕೂರಿಸಿಕೊಂಡು ಹೆಚ್ಚುವರಿ ದೀಪ, ಹಾರ್ನ್, ಆಂಪ್ಲಿಫೈಯರ್, ಇನ್ವರ್ಟರ್, ಕಳ್ಳರ ಕಣ್ಣಿಗೆ ಬೀಳದಂತಹ ಗುಪ್ತ ಸ್ವಿಚ್ಚು ಮುಂತಾದವನ್ನು ಜೋಡಿಸಿ, ಕೆಲವು ವರ್ಷ ಓಡಿಸಿ ಮಾರಲು ಹೊರಟಾಗ, ಆ ಜೋಡಣೆಗಳಿಗೆ ಬೆಲೆ ಸೇರಿಸಬೇಕೋ ಕಳೆಯಬೇಕೋ ಎಂಬ ತಕರಾರು ಎಲ್ಲ ದೇಶಗಳಲ್ಲೂ ಏಳುತ್ತದೆ. ಇಂಗ್ಲೆಂಡಿನಲ್ಲಿ ಇದು ಹೆಚ್ಚಾಗಿ ಎಂಜಿ, ಟ್ರಯಂಫ್‌ನಂತಹ ಹಳೆಯ ಸ್ಪೋರ್ಟ್ಸ್ ಕಾರುಗಳ ವ್ಯಾಪಾರದಲ್ಲಿ ಕೇಳಿಬರುವ ತಕರಾರು. ಆ ಕಾರುಗಳಿಗೆ ವಿದ್ಯುತ್ ಸಲಕರಣೆ ಒದಗಿಸುತ್ತಿದ್ದ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಗೆ, ದೀಪಗಳು ದಾರಿ ಮಧ್ಯೆ ಆರಿಹೋಗುತ್ತಿದ್ದುದರಿಂದ, ವಾಹನಪ್ರಿಯರು 'ಕತ್ತಲೆಯ ರಾಜಕುಮಾರ' ಎಂದು ಅಡ್ಡಹೆಸರಿಟ್ಟಿದ್ದರು. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳನ್ನು ಒಂದೇ ದಾರಕ್ಕೆ ಪೋಣಿಸುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸ್ಪೋರ್ಟ್ಸ್ ಕಾರು ಕಾಣುವುದು ಅಪರೂಪವಾದರೂ, ಯುವಕರು ಹಣವನ್ನೂ ಪ್ರೀತಿಯನ್ನೂ ಸುರಿದು ಸಿಂಗರಿಸುವ, ಪಕ್ಕದ ಊರಿನವರು ತಿರುಗಿ ನೋಡಲೆಂದು ಸದ್ದು ಮಾಡಿಸುವ ವಾಹನವೊಂದು ಇಲ್ಲಿಯೂ ಇದೆ; ಅದು ಟ್ರ್ಯಾಕ್ಟರ್. ಲ್ಯೂಕಾಸ್ ಸಹಭಾಗಿತ್ವದಲ್ಲಿ 1961ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಲ್ಯೂಕಾಸ್-ಟಿವಿಎಸ್ ಕಂಪನಿಯ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್‌ಗಳೇ ಭಾರತದ ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿರುವುದರಿಂದ ಆ ಕಾರುಗಳಿಗೂ ಈ ಟ್ರ್ಯಾಕ್ಟರ್‌ಗಳಿಗೂ ದೂರದ ರಕ್ತಸಂಬಂಧವೂ ಉಂಟು.

ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಗೆ 1953ರಲ್ಲಿ ನೀರು ಹರಿಯತೊಡಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಸಿಂಧನೂರು ಸೀಮೆ ಭತ್ತದ ಸೀಮೆಯಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕಾಲುವೆಯ ಆಸುಪಾಸಿನಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ಗದ್ದೆ ಬೇಸಾಯವನ್ನು ವಿಸ್ತರಿಸಿದರು. ಕಾಲುವೆಗೆ ನೀರು ಬಿಟ್ಟ ಕೆಲವೇ ವಾರಗಳಲ್ಲಿ ಇಡೀ ಸೀಮೆಯ ಗದ್ದೆ ಹದವಾಗಬೇಕಾದ್ದರಿಂದ ಎತ್ತಿನ ವೇಗ ಸಾಲದಾಗಿ ಟ್ರ್ಯಾಕ್ಟರ್ ಅನಿವಾರ್ಯವಾಯಿತು. ಏಷ್ಯಾದಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ಇರುವ ತಾಲ್ಲೂಕು ಸಿಂಧನೂರು ಎಂಬ ಹೆಮ್ಮೆಯ ಮಾತು ಊರಿನಲ್ಲಿ ಎಲ್ಲರ ಬಾಯಲ್ಲಿದ್ದು, ಅದನ್ನು ಲೆಕ್ಕವೆಂದು ತೆಗೆದುಕೊಳ್ಳುವುದಕ್ಕಿಂತ ಅಭಿಮಾನವೆಂದು ತೆಗೆದುಕೊಳ್ಳುವುದು ಲೇಸು. ಆದರೆ ಷೋರೂಮು, ಬಿಡಿಭಾಗದ ಅಂಗಡಿ, ಗ್ಯಾರೇಜು, ಸೆಕೆಂಡ್ ಹ್ಯಾಂಡ್ ವ್ಯಾಪಾರ ಇವೆಲ್ಲ ಇಲ್ಲಿ ಒಂದು ಪೇಟೆಯಾಗಿ ಬೆಳೆದಿರುವುದಂತೂ ಕಣ್ಣಿಗೆ ಕಾಣುವ ಸಂಗತಿ.

ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಜೂಲ ಹೊದಿಸುತ್ತಿದ್ದ ಕೈಗಳು ಈಗ ಟ್ರ್ಯಾಕ್ಟರಿನ ಟಾಪಿಗೆ, ಅಂದರೆ ಚಾಲಕನ ತಲೆಯ ಮೇಲಿನ ತಗಡಿನ ಚಾವಣಿಗೆ, ಎಲ್‌ಇಡಿ ಪಟ್ಟಿಯನ್ನೂ ಮಡ್‌ಗಾರ್ಡಿನ ಮೇಲೆ ಸ್ಪೀಕರ್ ಬಾಕ್ಸನ್ನೂ ಕಟ್ಟುತ್ತವೆ. ಈ ಜೋಡಣೆಗಳೆಲ್ಲ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಸಿಂಧನೂರಿನ ಗದ್ದೆಗಳಲ್ಲಿ ಪಡ್ಲಿಂಗ್, ಅಂದರೆ ನಿಂತ ನೀರಿನಲ್ಲಿ ಮಣ್ಣನ್ನು ಕಲಸಿ ನಾಟಿಗೆ ಹದಗೊಳಿಸುವ ಕೆಲಸ, ರಾತ್ರಿಯಿಡೀ ನಡೆಯುವಾಗ ಕಂಪನಿ ಕೊಟ್ಟ ಎರಡು ಹೆಡ್‌ಲೈಟುಗಳಿಂದ ಹಿಂದಿನ ರೊಟೊವೇಟರ್ ಕಾಣುವುದಿಲ್ಲವಾದ್ದರಿಂದ ಹಿಂಬದಿಯ ದೀಪ ನಿಜವಾದ ಅಗತ್ಯ. ಮಸ್ಕಿಯ ಎರೆಹೊಲಗಳಲ್ಲಿ ಕಡಲೆ, ಜೋಳ, ಹತ್ತಿಯ ಕೆಲಸ ಬಹುಮಟ್ಟಿಗೆ ಒಣನೆಲದ್ದು. ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪದ ಊರುಗಳಲ್ಲಿ ಟ್ರ್ಯಾಕ್ಟರ್ ಉಳುವುದಕ್ಕಿಂತ ಟ್ರಾಲಿ ಎಳೆಯುವುದರಲ್ಲೇ ಹೆಚ್ಚು ದುಡಿಯುವುದುಂಟು, ದೂರದ ದಾರಿಗೆ ಹಾಡು ಬೇಕೆನಿಸುವುದೂ ಸಹಜ. ಹೀಗಾಗಿ ಒಂದೇ ಮಾದರಿಯ, ಒಂದೇ ವರ್ಷದ ಎರಡು ಟ್ರ್ಯಾಕ್ಟರ್‌ಗಳ ತಂತಿಗಳು ಬೇರೆ ಬೇರೆ ಬಗೆಯಲ್ಲಿ ಹಾಳಾಗಿರುತ್ತವೆ: ಒಂದರಲ್ಲಿ ಕೆಸರುನೀರು ಒಳಹೊಕ್ಕು ತಾಮ್ರ ಹಸಿರುಗಟ್ಟಿದ್ದರೆ, ಇನ್ನೊಂದರಲ್ಲಿ ಅಲುಗಾಟ ಮತ್ತು ದೂಳಿನಿಂದ ತುದಿಗಳು ಸಡಿಲಗೊಂಡಿರುತ್ತವೆ. ಕೆಸರಿನ ಗಾಡಿಯನ್ನು ಒಣಸೀಮೆಯವರು ಕೊಳ್ಳುವಾಗ ಮುಂದಿನ ಆ್ಯಕ್ಸಲ್ಲು, ಸೀಲುಗಳನ್ನು ಬಗ್ಗಿ ನೋಡಿದಷ್ಟು ಎಚ್ಚರದಿಂದ ತಂತಿಯನ್ನು ನೋಡುವುದಿಲ್ಲ.

ಇದಕ್ಕೆ ಯಂತ್ರದ ಸ್ವಭಾವದಲ್ಲೇ ಕಾರಣವಿದೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ವಿದ್ಯುತ್ ಬೇಕು. ಆದ್ದರಿಂದ ಸ್ಪೋರ್ಟ್ಸ್ ಕಾರಿನ ತಂತಿ ಕೆಟ್ಟರೆ ಕಾರು ನಿಂತೇಬಿಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿನಲ್ಲೇ ಇಂಧನ ಉರಿಯುವಂತೆ ಮಾಡುವುದರಿಂದ, ಒಮ್ಮೆ ಚಾಲೂ ಆದ ಹಳೆಯ ಟ್ರ್ಯಾಕ್ಟರಿಗೆ ಬ್ಯಾಟರಿಯ ಹಂಗಿಲ್ಲ. ಬೆಂಗಳೂರಿನ ಮೈಕೋ ಕಾರ್ಖಾನೆಯ ಹೆಸರಿನಿಂದಲೇ ಮೆಕ್ಯಾನಿಕರು ಕರೆಯುವ ಯಾಂತ್ರಿಕ ಪಂಪು ಗೇರಿನ ತಿರುಗುವಿಕೆಯಿಂದಲೇ ಡೀಸೆಲ್ ಚಿಮ್ಮಿಸುತ್ತದೆ, ಎಂಜಿನ್ ನಿಲ್ಲಿಸಲು ಒಂದು ಗುಂಡಿಯನ್ನು ಕೈಯಲ್ಲಿ ಎಳೆದರಾಯಿತು. ತಂತಿಯೆಲ್ಲ ಸುಟ್ಟು ಹೋದರೂ ಗಾಡಿ ಮನೆಗೆ ಬರುತ್ತದೆ, ಬೆಳಗ್ಗೆ ಇಳಿಜಾರಿನಲ್ಲಿ ತಳ್ಳಿದರೆ ಮತ್ತೆ ಚಾಲೂ ಆಗುತ್ತದೆ ಎಂಬ ಧೈರ್ಯವೇ ಮನೆಯಲ್ಲೇ ತಂತಿ ಎಳೆಯುವ ಧಾರಾಳತನದ ಮೂಲ. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಎಂಬ ಹೊಗೆ ನಿಯಮ ಜಾರಿಯಾಗಿ, ಅವುಗಳಲ್ಲಿ ಇಂಧನದ ಪ್ರಮಾಣವನ್ನು ಇಸಿಯು ಎಂಬ ಪುಟ್ಟ ಗಣಕ ನಿರ್ಧರಿಸತೊಡಗಿದ ಮೇಲೆ ಈ ಧೈರ್ಯಕ್ಕೆ ಆಧಾರ ತಪ್ಪಿದೆ. ಅಂತಹ ಯಂತ್ರದ ಸೆನ್ಸಾರ್ ತಂತಿಯನ್ನು ಕೆರೆದು ದೀಪಕ್ಕೆ ವಿದ್ಯುತ್ ಕದ್ದರೆ ಗಾಡಿ ಗದ್ದೆಯ ನಡುವೆಯೇ ನಿಲ್ಲಬಹುದು.

ಕೊಳ್ಳುವವನು ಮೊದಲು ಕೇಳಬೇಕಾದ ಲೆಕ್ಕ ವಿದ್ಯುತ್ತಿನ ಆದಾಯ ಮತ್ತು ಖರ್ಚಿನದು. ಮಧ್ಯಮ ಗಾತ್ರದ ಟ್ರ್ಯಾಕ್ಟರಿನಲ್ಲಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್, ರೈತರ ಬಾಯಲ್ಲಿ ಡೈನಮೊ, ಸಾಮಾನ್ಯವಾಗಿ 12 ವೋಲ್ಟಿನಲ್ಲಿ 35 ಆಂಪಿಯರ್ ಆಸುಪಾಸಿನದು, ಅದೂ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. 55 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ 9 ಆಂಪಿಯರ್, 120 ವ್ಯಾಟಿನ ಎಲ್‌ಇಡಿ ಪಟ್ಟಿಗೆ 10 ಆಂಪಿಯರ್, ನಿಜವಾಗಿಯೂ 400 ವ್ಯಾಟ್ ಎಳೆಯುವ ಆಂಪ್ಲಿಫೈಯರ್ ಪೂರ್ತಿ ಸದ್ದಿನಲ್ಲಿದ್ದರೆ 33 ಆಂಪಿಯರ್, ಒಟ್ಟು 52. ಕೊರತೆಯ 17 ಆಂಪಿಯರನ್ನು ಬ್ಯಾಟರಿ ತುಂಬಿಕೊಡಬೇಕಾಗಿ, 75 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಎರಡು ಗಂಟೆಯಲ್ಲಿ ಅರ್ಧ ಖಾಲಿಯಾಗುತ್ತದೆ, ಸೀಸ-ಆಮ್ಲದ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಹಾಡು ಸದಾ ಗರಿಷ್ಠ ಸದ್ದಿನಲ್ಲಿರುವುದಿಲ್ಲವಾದ್ದರಿಂದ ವ್ಯವಹಾರದಲ್ಲಿ ಲೆಕ್ಕ ಇಷ್ಟು ಕಠೋರವಲ್ಲ. ಆದರೂ 'ಬ್ಯಾಟರಿ ಹೊಸದು ಹಾಕಿಸಿದ್ದೀನಿ' ಎಂದು ಮಾರಾಟಗಾರ ಹೇಳಿದಾಗ, ಹಳೆಯದು ಏಕೆ ಹೋಯಿತು ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಎರಡನೆಯ ಸಂಗತಿ ತಂತಿಯ ದಪ್ಪ. ಮನೆಯ ದೀಪಕ್ಕೆ ಎಳೆಯುವ 1 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಬಾನೆಟ್ಟಿನಡಿಯ ಬ್ಯಾಟರಿಯಿಂದ ಟಾಪಿನವರೆಗೆ ಹೋಗಿ ಬರುವಂತೆ ಒಟ್ಟು 6 ಮೀಟರ್ ಎಳೆದು 10 ಆಂಪಿಯರ್ ಹರಿಸಿದರೆ, ಸರಿಸುಮಾರು 1 ವೋಲ್ಟ್ ದಾರಿಯಲ್ಲೇ ನಷ್ಟವಾಗಿ 10 ವ್ಯಾಟಿನಷ್ಟು ಶಕ್ತಿ ತಂತಿಯನ್ನು ಬಿಸಿಮಾಡುವುದಕ್ಕೆ ವ್ಯಯವಾಗುತ್ತದೆ. ಮನೆಯ 230 ವೋಲ್ಟಿನಲ್ಲಿ ಇಷ್ಟೇ ನಷ್ಟ ಗಮನಕ್ಕೂ ಬಾರದು. 12 ವೋಲ್ಟಿನಲ್ಲಿ ಅದು ಹನ್ನೆರಡರಲ್ಲಿ ಒಂದು ಪಾಲು. ಮನೆಗಳ ವೈರಿಂಗಿನಲ್ಲಿ ಪಳಗಿದ ಎಲೆಕ್ಟ್ರಿಷಿಯನ್ ಟ್ರ್ಯಾಕ್ಟರಿನಲ್ಲಿ ಎಡವುವುದು ಬಹುಪಾಲು ಇಲ್ಲಿಯೇ. ಅದೇ ತಂತಿಯಲ್ಲಿ ಆಂಪ್ಲಿಫೈಯರಿನ 33 ಆಂಪಿಯರ್ ಹರಿದರೆ ಹೊದಿಕೆ ಮೆತ್ತಗಾಗಿ, ಒಕ್ಕಣೆಯ ಕಾಲದಲ್ಲಿ ಬಾನೆಟ್ಟಿನ ಸಂದಿಯಲ್ಲಿ ಸೇರಿಕೊಂಡ ಒಣಹುಲ್ಲಿಗೆ ಬೆಂಕಿ ತಗಲುವುದು ಅಸಾಧ್ಯವೇನಲ್ಲ.

ಡ್ಯಾಶ್‌ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ಟಾರ್ಚ್ ಹಿಡಿದರೆ ಈ ಲೆಕ್ಕಗಳೆಲ್ಲ ಕಣ್ಣಿಗೆ ಬೀಳುತ್ತವೆ. ಕಂಪನಿಯ ತಂತಿಗಳು ಬಣ್ಣಬಣ್ಣದವಾಗಿ, ಒಂದೇ ಕಟ್ಟಿನಲ್ಲಿ, ಅಚ್ಚಿಗೆ ಕೂರುವ ಕನೆಕ್ಟರುಗಳಲ್ಲಿ ಕೊನೆಗೊಳ್ಳುತ್ತವೆ. ಆ ಕಟ್ಟಿನ ಮಧ್ಯೆ ಹೊದಿಕೆ ಕೆರೆದು, ಕೆಂಪು ತಂತಿಗೆ ಕೆಂಪು ತಂತಿಯನ್ನೇ ಹೊಸೆದು, ಕಪ್ಪು ಟೇಪು ಸುತ್ತಿದ ಗಂಟುಗಳು ಆಮೇಲಿನವು. ಬೇಸಿಗೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರಿದ ಗಂಟು ಬೆತ್ತಲಾಗಿ ತಗಡಿಗೆ ಬೆರಳಗಲದ ದೂರದಲ್ಲಿ ತೂಗುತ್ತಿರುತ್ತದೆ. ಫ್ಯೂಸಿನ ಜಾಗದಲ್ಲಿ ಫ್ಯೂಸಿನ ಬದಲು ನಾಲ್ಕೆಳೆ ತಾಮ್ರವೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯೋ ಇದ್ದರೆ, ಹಿಂದೆ ಪದೇಪದೇ ಫ್ಯೂಸು ಹಾರಿತ್ತೆಂದೂ ಹಾರಿದ ಕಾರಣವನ್ನು ಯಾರೂ ಹುಡುಕಲಿಲ್ಲವೆಂದೂ ಓದಿಕೊಳ್ಳಬೇಕು. ಸ್ಟೀರಿಂಗಿನ ಕೆಳಗೆ ಕೈಯಾಡಿಸಿದಾಗ ಸಿಗುವ ಸಣ್ಣ ಕಳ್ಳ ಸ್ವಿಚ್ಚು ಸ್ಟಾರ್ಟರಿನ ತಂತಿಯನ್ನು ತುಂಡರಿಸಿ ಹಾಕಿದ್ದು. ಅದನ್ನು ಒತ್ತದೆ ಕೀಲಿ ತಿರುಗಿಸಿದರೆ ಗಾಡಿ ಸತ್ತಂತೆ ಬಿದ್ದಿರುತ್ತದೆ. ಮಾರುವವನು ಅದರ ಸುದ್ದಿ ಹೇಳಲು ಮರೆತ ದಿನ, ಕೊಂಡವನು ಬೇರಾವುದೋ ಗ್ಯಾರೇಜಿನಲ್ಲಿ ಸರಿಯಿರುವ ಸ್ಟಾರ್ಟರನ್ನೇ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುತ್ತಾನೆ.

ಮನೆಯ ಜೋಡಣೆಗಳಿಗೆ ಮಾರುಕಟ್ಟೆ ಬೆಲೆ ಕಟ್ಟದಿರುವುದಕ್ಕೆ ನಿಜವಾದ ಕಾರಣ ಇಲ್ಲಿದೆ. ಮಾಲೀಕನ ಲೆಕ್ಕದಲ್ಲಿ ಆಂಪ್ಲಿಫೈಯರಿಗೆ ಇಷ್ಟು, ದೀಪಗಳಿಗೆ ಇಷ್ಟು, ಕೂಲಿ ಇಷ್ಟು ಎಂದು ಒಂದು ಮೊತ್ತ ಬೆಳೆದಿರುತ್ತದೆ, ಅದನ್ನು ಗಾಡಿಯ ಬೆಲೆಗೆ ಸೇರಿಸಿ ಹೇಳುತ್ತಾನೆ. ಆದರೆ ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಅವನ ಅಥವಾ ಅವನ ಎಲೆಕ್ಟ್ರಿಷಿಯನ್‌ನ ತಲೆಯಲ್ಲಿರುತ್ತದೆ. ಗಾಡಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋದಾಗ ಆ ತಲೆ ಸಿಂಧನೂರಿನಲ್ಲೇ ಉಳಿಯುತ್ತದೆ. ಕಂಪನಿಯ ವೈರಿಂಗಿಗೆ ಯಾವ ಊರಿನ ಮೆಕ್ಯಾನಿಕನಾದರೂ ಓದಬಲ್ಲ ನಕ್ಷೆಯಿದೆ, ಮನೆಯ ವೈರಿಂಗಿಗೆ ಇಲ್ಲ. ಒಂದು ಹಾಳೆಯಲ್ಲಿ ಗೆರೆ ಎಳೆದು, ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿ, ಪ್ರತಿ ಸಲಕರಣೆಗೆ ಬ್ಯಾಟರಿಯ ಬಳಿಯೇ ಪ್ರತ್ಯೇಕ ಫ್ಯೂಸು ಮತ್ತು ರಿಲೇ ಕೂರಿಸಿದ ಮಾಲೀಕ ಹೆಚ್ಚಿನ ಬೆಲೆ ಕೇಳಿದರೆ ಅದರಲ್ಲಿ ನ್ಯಾಯವಿದೆ. ರಿಲೇ ಎಂದರೆ ಸಣ್ಣ ಸ್ವಿಚ್ಚಿನ ಅಲ್ಪ ವಿದ್ಯುತ್ತಿನಿಂದ ದೊಡ್ಡ ಹರಿವನ್ನು ತೆರೆದು ಮುಚ್ಚುವ ಬಾಗಿಲು. ಅದಿಲ್ಲದ ಕಡೆ ಡ್ಯಾಶ್‌ಬೋರ್ಡಿನ ಸ್ವಿಚ್ಚೇ ಸುಟ್ಟು ಕರಗಿರುತ್ತದೆ.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಕೀಲಿ ತೆಗೆದು ಎಲ್ಲವನ್ನೂ ಆರಿಸಿ, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ ಮೀಟರನ್ನು ಮಧ್ಯೆ ಸೇರಿಸಿದಾಗ, ಹಳೆಯ ಟ್ರ್ಯಾಕ್ಟರಿನಲ್ಲಿ ಹರಿವು ಸೊನ್ನೆಗೆ ಹತ್ತಿರವಿರಬೇಕು. ಅರ್ಧ ಆಂಪಿಯರ್ ಸೋರುತ್ತಿದ್ದರೂ 75 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ವಾರದೊಳಗೆ ಬರಿದಾಗುತ್ತದೆ. ಮೀಟರನ್ನು ಬಿಡಿಸಿ, ತುದಿಯನ್ನು ಮೊದಲಿನಂತೆ ಬಿಗಿದ ಬಳಿಕ ಎಂಜಿನ್ ಚಾಲೂ ಮಾಡಿದರೆ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು, ಎಲ್ಲ ಸಲಕರಣೆಗಳನ್ನು ಒಮ್ಮೆಗೇ ಹಚ್ಚಿದಾಗ ಅದು 13ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಖರ್ಚು ಆದಾಯವನ್ನು ಮೀರಿದೆ ಎಂದರ್ಥ.

ಕಾನೂನಿನ ಕಡೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿದೆ. ಈ 'ಪ್ರತಿ' ಎಂಬ ಪದವನ್ನು ಅಕ್ಷರಶಃ ಅನ್ವಯಿಸಿದರೆ ಕೆಲವು ಟ್ರ್ಯಾಕ್ಟರ್‌ಗಳ ದಂಡ ಅವುಗಳ ಸ್ಪೀಕರಿನ ಬೆಲೆಯನ್ನು ದಾಟೀತು. ಏಳು ಸ್ವರದ ಹಾರ್ನಿಗಂತೂ ನಿಯಮದಲ್ಲಿ ಎಡೆಯೇ ಇಲ್ಲ. ಮುಚ್ಚಿಟ್ಟು ಮಾರುವ ವಿಷಯದಲ್ಲಿ 1872ರ ಕರಾರು ಕಾಯ್ದೆಯ 17ನೇ ಕಲಂ ಸೂಕ್ಷ್ಮವಾದ ಗೆರೆಯೊಂದನ್ನು ಎಳೆಯುತ್ತದೆ: ಗೊತ್ತಿದ್ದ ದೋಷವನ್ನು ಬೇಕೆಂದೇ ಮರೆಮಾಚುವುದು ವಂಚನೆ, ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಲ್ಲ. ಸುಟ್ಟ ತಂತಿಯ ಮೇಲೆ ಹೊಸ ಟೇಪು ಸುತ್ತಿ ಮಾರಿದವನು ಮೊದಲ ಬಗೆಯವನು; ಯಾರೂ ಕೇಳಲಿಲ್ಲವೆಂದು ಹೇಳದವನು ಎರಡನೆಯ ಬಗೆಯವನು.

ಕಾಗದದ ಕೆಲಸದಲ್ಲಿ ಮಾರುವವನಿಗೇ ಹೆಚ್ಚು ಅಪಾಯ. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆಯಾದರೂ, ಮಾರಿದವನು 14 ದಿನಗಳಲ್ಲಿ ಆರ್‌ಟಿಒಗೆ ವರದಿ ಮಾಡಬೇಕು, ಕೊಂಡವನು 30 ದಿನಗಳಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಸಾಲವಿದ್ದರೆ ನಮೂನೆ 35ರಿಂದ ನೋಂದಣಿ ಪತ್ರದಲ್ಲಿನ ಸಾಲದ ನಮೂದಾದ ಎಚ್‌ಪಿ ತೆಗೆಸಬೇಕು, ಟ್ರಾಲಿಗೆ ಬೇರೆ ನೋಂದಣಿಯಿರುವುದರಿಂದ ಅದನ್ನೂ ವರ್ಗಾಯಿಸಬೇಕು. ಕೈಯಿಂದ ಕೈಗೆ ದಾಟಿದ ವಾಹನವೊಂದು ಅಪಘಾತ ಮಾಡಿದಾಗ, ದಾಖಲೆಯಲ್ಲಿ ಹೆಸರು ಉಳಿದವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ತಾನೇ ಎಳೆದ ತಂತಿಯಿಂದ ಹಿಂದಿನ ದೀಪ ಆರಿ ಅಪಘಾತವಾದರೆ, ಹೆಸರು ಬದಲಾಗದ ಹಳೆಯ ಮಾಲೀಕ ಎರಡು ಬಗೆಯಲ್ಲೂ ಸಿಕ್ಕಿಕೊಂಡಂತೆ. ಮಸ್ಕಿ ಪ್ರತ್ಯೇಕ ತಾಲ್ಲೂಕಾದ ಮೇಲೂ ಹಳೆಯ ಆರ್‌ಸಿಗಳಲ್ಲಿ ವಿಳಾಸ ಹಿಂದಿನ ತಾಲ್ಲೂಕಿನದೇ ಇದ್ದರೆ, ವರ್ಗಾವಣೆಯ ಹೊತ್ತಿನಲ್ಲಿ ಅದೂ ಒಂದು ಸಣ್ಣ ಓಡಾಟವಾದೀತು.

ಎಷ್ಟೋ ಮಾರಾಟಗಳಲ್ಲಿ ಚೌಕಾಸಿ ಮುಗಿಯುವುದು ಬೇರೆಯೇ ರೀತಿಯಲ್ಲಿ: ಸಲಕರಣೆಗಳಿಗೆ ಬೆಲೆ ಸಿಗದೆಂದು ಕಂಡ ಮಾಲೀಕ ಆಂಪ್ಲಿಫೈಯರ್, ಬಾಕ್ಸು, ಎಲ್‌ಇಡಿ ಪಟ್ಟಿಗಳನ್ನು ಹಿಂದಿನ ಸಂಜೆಯೇ ಬಿಚ್ಚಿಕೊಂಡು ಮುಂದಿನ ಟ್ರ್ಯಾಕ್ಟರಿಗೆಂದು ಎತ್ತಿಡುತ್ತಾನೆ. ತೆಗೆಯುವ ಅವಸರದಲ್ಲಿ ಸಲಕರಣೆಯ ಕಡೆ ತಂತಿ ಕತ್ತರಿಸಿ ಬ್ಯಾಟರಿಯ ಕಡೆ ಹಾಗೆಯೇ ಬಿಡುವುದರಿಂದ, ಫ್ಯೂಸಿಲ್ಲದ ಜೀವಂತ ತುದಿಯೊಂದು ಟಾಪಿನ ಕಂಬದೊಳಗೆ ನೇತಾಡುತ್ತ ಹೊಸ ಮಾಲೀಕನ ಮನೆ ಸೇರುತ್ತದೆ. ಬಿಚ್ಚುವುದಿದ್ದರೆ ಬ್ಯಾಟರಿಯ ತುದಿಯಿಂದ ಬಿಚ್ಚತೊಡಗಿ, ತಂತಿಯನ್ನು ಪೂರ್ತಿ ಎಳೆದು ಹೊರತೆಗೆದು, ಕೆರೆದ ಜಾಗಗಳಿಗೆ ಹೊಸ ಹೊದಿಕೆ ಹಾಕಬೇಕು. ಅಷ್ಟು ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ಅದರ ಕೂಲಿ ಯಾರದೆಂಬುದನ್ನು ಮುಂಗಡ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.