ತಾಯಿ ಹಚ್ಚಿಟ್ಟ ದೀಪ: ಗಣಿತ, ಸಂಖ್ಯಾಶಾಸ್ತ್ರಗಳ ಉನ್ನತ ವ್ಯಾಸಂಗ

ಪದವಿ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ಬಿ.ಎಸ್ಸಿ. ಆಯಿತು, ಮುಂದೇನು?” ಮಗನು ಗಣಿತದಲ್ಲಿ ಎಂ.ಎಸ್ಸಿ. ಮಾಡುವೆನೆಂದರೆ, “ಇನ್ನೆರಡು ವರ್ಷ ಲೆಕ್ಕ ಬಿಡಿಸಿ ಕೊನೆಗೆ ಮೇಷ್ಟ್ರಾಗುವುದು ತಾನೇ?” ಎನ್ನುತ್ತೇವೆ. ಮಗಳು ಅದೇ ಮಾತನ್ನಾಡಿದರೆ, ಅಷ್ಟರಲ್ಲಿ ಒಳ್ಳೆಯ ಸಂಬಂಧವೊಂದು ಬಂದಿರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ. ನಾವೂ ಹೀಗೆ ನುಡಿದವರೇ. ಆದುದರಿಂದ ಇದು ಉಪದೇಶವಲ್ಲ. ನಮ್ಮ ತಿಳಿವಳಿಕೆಯನ್ನು ನಾವೇ ತಿದ್ದಿಕೊಳ್ಳುವ ಪ್ರಯತ್ನ.

ಈ ವಿಷಯವನ್ನು ಯೋಚಿಸುವಾಗಲೆಲ್ಲ ನಮಗೆ ನೆನಪಾಗುವವರು ಡಾ. ಸಿ. ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಅವರು ಜನಿಸಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ತೆಲುಗು ಮನೆಮಾತಿನ ಕುಟುಂಬ. ತಂದೆ ಪೊಲೀಸ್ ಇಲಾಖೆಯ ಅಧಿಕಾರಿ. ಶಾಲಾ ವಿದ್ಯಾಭ್ಯಾಸ ನಡೆದದ್ದು ಆಂಧ್ರದ ಊರುಗಳಲ್ಲಿ. ತಾಯಿ ಲಕ್ಷ್ಮೀಕಾಂತಮ್ಮನವರು ದಿನವೂ ನಸುಕಿನ ನಾಲ್ಕು ಗಂಟೆಗೆ ಮಗನನ್ನು ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿ ಓದಲು ಕೂರಿಸುತ್ತಿದ್ದರು. ವಿಶ್ವವಿಖ್ಯಾತರಾದ ಮೇಲೂ ಮಗ ಆ ದೀಪವನ್ನು ಮರೆಯಲಿಲ್ಲ; ತಮ್ಮ ಗ್ರಂಥವೊಂದರ ಅರ್ಪಣೆಯಲ್ಲಿ ಅದನ್ನು ಕೃತಜ್ಞತೆಯಿಂದ ಸ್ಮರಿಸಿದರು.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ಈ ತರುಣ ಉದ್ಯೋಗವನ್ನರಸಿ ಕಲ್ಕತ್ತೆಗೆ ಹೋದರು. ಕೆಲಸ ದೊರೆಯಲಿಲ್ಲ. ಆದರೆ ಪ್ರೊ. ಪಿ. ಸಿ. ಮಹಲನೋಬಿಸರು 1931ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ಅಲ್ಲಿ ತಿಳಿಯಿತು. 1941ರ ಜನವರಿಯಲ್ಲಿ ಅಲ್ಲಿಗೆ ಸೇರಿದರು. ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿಯನ್ನು ಆರಂಭಿಸಿತು. 1943ರಲ್ಲಿ ರಾಯರು ಆ ವಿಷಯದಲ್ಲಿಯೂ ಎಂ.ಎ. ಪಡೆದರು, ಪ್ರಥಮ ಸ್ಥಾನದೊಡನೆ.

ಹಾಗಾದರೆ ಸಂಖ್ಯಾಶಾಸ್ತ್ರವೆಂದರೇನು? ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ತಾಯಂದಿರು ಒಂದೆರಡು ಅಗುಳನ್ನು ಹಿಸುಕಿ ನೋಡುತ್ತಾರೆ. ಇಡೀ ಪಾತ್ರೆಯನ್ನು ಬರಿದುಮಾಡುವುದಿಲ್ಲ. ಆ ಅಗುಳನ್ನು ಪಾತ್ರೆಯ ಯಾವ ಭಾಗದಿಂದ ತೆಗೆಯಬೇಕು, ಎಷ್ಟು ತೆಗೆಯಬೇಕು, ಅದರಿಂದ ಮಾಡಿದ ತೀರ್ಮಾನ ಎಷ್ಟರ ಮಟ್ಟಿಗೆ ತಪ್ಪಬಹುದು, ಇವುಗಳನ್ನು ಶಾಸ್ತ್ರೀಯವಾಗಿ ಹೇಳುವುದೇ ಈ ವಿದ್ಯೆ. ಬೆಳೆಯ ಇಳುವರಿಯ ಅಂದಾಜಿನಿಂದ ಹಿಡಿದು ಹೊಸ ಔಷಧಿಯ ಪರೀಕ್ಷೆಯವರೆಗೆ ಎಲ್ಲೆಡೆಯೂ ಇದು ಬೇಕು.

1944ರ ಸುಮಾರಿಗೆ ರಾಯರು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬರು ಎದ್ದು ಪ್ರಶ್ನೆ ಕೇಳಿದರು: ಬಹಳ ದೊಡ್ಡ ಮಾದರಿಗೆ ಹೇಳಿದ ಈ ಮಾತು ಸಣ್ಣ ಮಾದರಿಗೂ ಸಲ್ಲುತ್ತದೆಯೇ? ಪ್ರಶ್ನಿಸಿದವರು ಮುಂದೆ ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದ ವಿ. ಎಂ. ದಾಂಡೇಕರ್. ಗುರುಗಳು ಸಿಡುಕಲಿಲ್ಲ. ರಾತ್ರಿ ಕುಳಿತು ಉತ್ತರ ಕಂಡುಕೊಂಡು, ಮರುದಿನ ತರಗತಿಯಲ್ಲಿ ಸಾಧಿಸಿ ತೋರಿಸಿದರು. ಕೈಯಲ್ಲಿರುವ ಮಾಹಿತಿ ಇಷ್ಟೇ ಆಗಿರುವಾಗ, ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಮಿತಿಯನ್ನು ದಾಟಿ ನಿಖರವಾಗಲಾರದು ಎಂಬುದೇ ಆ ಫಲಿತ. 1945ರಲ್ಲಿ ಪ್ರಕಟವಾದ ಅದನ್ನು ಜಗತ್ತು ಇಂದು ‘ಕ್ರಾಮರ್–ರಾವ್’ ಎಂಬ ಹೆಸರಿನಿಂದ ಕಲಿಯುತ್ತಿದೆ. ಆಗ ರಾಯರಿಗೆ ಇಪ್ಪತ್ತೈದು ವರ್ಷ. ಆ ಕೆಲಸಕ್ಕೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದದ್ದು 2023ರಲ್ಲಿ, ಅವರ 102ನೆಯ ವಯಸ್ಸಿನಲ್ಲಿ. ಅದೇ ವರ್ಷದ ಆಗಸ್ಟ್ 22ರಂದು ಅವರು ತೀರಿಕೊಂಡರು.

ಸ್ನಾತಕೋತ್ತರ ವ್ಯಾಸಂಗದ ತಿರುಳು ಈ ಒಂದು ಘಟನೆಯಲ್ಲಿಯೇ ಅಡಗಿದೆ. ಪದವಿಯವರೆಗೆ ಸೂತ್ರವನ್ನು ಬಳಸುವುದು ಹೆಚ್ಚು. ಇಲ್ಲಿ ಆ ಸೂತ್ರ ಏಕೆ ಸತ್ಯ, ಎಲ್ಲಿ ಸಲ್ಲುವುದಿಲ್ಲ ಎಂದು ಸಾಧಿಸಬೇಕು. ಒಂದೇ ಸಾಧನೆಗೆ ಮೂರು ದಿನ ಹಿಡಿದರೂ ಆಶ್ಚರ್ಯವಿಲ್ಲ. ಕಾಗದ ಮುಂದಿಟ್ಟುಕೊಂಡು ಸುಮ್ಮನೆ ಕುಳಿತ ಮಗಳನ್ನು ಕಂಡು, “ಓದುತ್ತಿಲ್ಲವೇ?” ಎಂದು ನಾವು ಗದರುವುದುಂಟು. ಅವಳ ಓದು ನಡೆಯುತ್ತಿರುವುದೇ ಆಗ!

ದಾರಿಗಳೂ ಕಡಮೆಯಿಲ್ಲ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಎರಡೂ ವಿಷಯಗಳ ಎಂ.ಎಸ್ಸಿ. ಉಂಟು. ಐ.ಐ.ಟಿ.ಗಳ ಎಂ.ಎಸ್ಸಿ.ಗೆ ‘ಜಾಮ್’ ಎಂಬ ಪ್ರವೇಶ ಪರೀಕ್ಷೆಯಿದೆ. ರಾಯರು ದುಡಿದ ಸಂಸ್ಥೆಯ ಕೇಂದ್ರವೊಂದು ಬೆಂಗಳೂರಿನಲ್ಲಿಯೇ ಮೈಸೂರು ರಸ್ತೆಯಲ್ಲಿದ್ದು, ಅಲ್ಲಿ ‘ಎಂ.ಮ್ಯಾಥ್’ ತರಗತಿ ನಡೆಯುತ್ತದೆ. ಲಿಖಿತ ಪರೀಕ್ಷೆ ಹಾಗೂ ಸಂದರ್ಶನದ ಮೂಲಕ ಪ್ರವೇಶ. ಮುಂದೆ ಅಧ್ಯಾಪನ, ಸಂಶೋಧನೆಗಳಲ್ಲದೆ ಕೇಂದ್ರ ಸರ್ಕಾರದ ಭಾರತೀಯ ಸಂಖ್ಯಾಶಾಸ್ತ್ರ ಸೇವೆ, ವಿಮೆ, ಬ್ಯಾಂಕು, ಔಷಧ ಕಂಪನಿಗಳು, ಕಂಪ್ಯೂಟರ್ ಕ್ಷೇತ್ರ ಇವೆಲ್ಲ ತೆರೆದಿವೆ.

ಹಾಗೆಂದು ಎಲ್ಲರೂ ಇದನ್ನೇ ಓದಲೆಂದು ನಾವು ಹೇಳುವುದಿಲ್ಲ. ಬೇರೆಲ್ಲಿಯೂ ಸೀಟು ಸಿಗಲಿಲ್ಲವೆಂದು ಸೇರಿದವರಿಗೆ ಈ ಎರಡು ವರ್ಷ ಭಾರವೇ ಸರಿ. ಅಂಕಪಟ್ಟಿಗಿಂತ ಮೊದಲು ಒಂದನ್ನು ನೋಡೋಣ: ಬಿಡಿಸಲಾಗದ ಲೆಕ್ಕವನ್ನು ಮಗು ಮರುದಿನ ತಾನಾಗಿಯೇ ಮತ್ತೆ ಕೈಗೆತ್ತಿಕೊಳ್ಳುವುದೇ? ಹೌದಾದರೆ ಅಡ್ಡಿಮಾಡದಿರೋಣ, ಗಂಡೆಂದೂ ಹೆಣ್ಣೆಂದೂ ಭೇದವೆಣಿಸದಿರೋಣ. ಬಂದ ಸಂಬಂಧ ಒಳ್ಳೆಯದೇ ಆಗಿದ್ದರೆ ಎರಡು ವರ್ಷ ಕಾಯಲು ಅವರೂ ಒಪ್ಪಿಯಾರು.

ಲಕ್ಷ್ಮೀಕಾಂತಮ್ಮನವರು ಮಗನಿಗೆ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ದೀಪ ಹಚ್ಚಿಟ್ಟರು, ಮನೆಯಲ್ಲಿ ಸದ್ದಿಲ್ಲದ ಒಂದು ಹೊತ್ತನ್ನು ಕೊಟ್ಟರು. ಅಷ್ಟನ್ನು ನಾವೂ ಕೊಡಬಲ್ಲೆವು, ಅಲ್ಲವೇ?